ಡೆವಿಲ್ಸ್ ಲೇಕ್‌ಗೆ ಕ್ಯಾಂಪಿಂಗ್ ಹೋಗೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ಚಿಕಾಗೋ ಕಡೆ ಇರೋರು, ಒಂಬತ್ತು ವರ್ಷದಿಂದ ವರ್ಷಕ್ಕೆ ಒಂದ್ ಸಲನಾದ್ರೂ ವಿಸ್ಕಾನ್ಸಿನ್‌ನ ಡೆವಿಲ್ಸ್ ಲೇಕ್‌ಗೆ ಟೆಂಟ್ ಎತ್ಕೊಂಡ್ ಹೋಗ್ತೀವಿ. ಮೇ ತಿಂಗಳು ಹತ್ರ ಬಂತು ಅಂದ್ರೆ ಗೊತ್ತಿರೋರೆಲ್ಲ ಫೋನ್ ಮಾಡಿ ಅದೇ ಪ್ರಶ್ನೆ ಕೇಳ್ತಾರೆ, ಊರಿಂದ ಅಪ್ಪ ಅಮ್ಮ ಬರ್ತಿದಾರೆ ಕರ್ಕೊಂಡ್ ಹೋಗ್ಬಹುದಾ, ಮಗು ಚಿಕ್ಕದು ರಾತ್ರಿ ಇರ್ಬಹುದಾ, ಊಟ ಹೆಂಗೆ, ಹಾವು ಇದೆಯಾ. ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹೇಳೋ ಬದಲು ಎಲ್ಲಾನೂ ಇಲ್ಲೇ ಬರೆದಿಟ್ಟಿದೀನಿ.

ಇದು ಎಲ್ಲಿದೆ, ಎಷ್ಟು ದೂರ?

ವಿಸ್ಕಾನ್ಸಿನ್ ರಾಜ್ಯದ ಬ್ಯಾರಬೂ ಅನ್ನೋ ಸಣ್ಣ ಊರಿನ ಪಕ್ಕದಲ್ಲಿ. ಮ್ಯಾಡಿಸನ್‌ನಿಂದ ಮುಕ್ಕಾಲು ಗಂಟೆ ಚಿಲ್ಲರೆ, ಮಿಲ್ವಾಕಿಯಿಂದ ಎರಡು ಗಂಟೆ, ಚಿಕಾಗೋದಿಂದ ಮೂರು ಮೂರೂವರೆ ಗಂಟೆ, ಮಿನಿಯಾಪೊಲಿಸ್‌ನಿಂದಾನೂ ಹೆಚ್ಚು ಕಮ್ಮಿ ಅಷ್ಟೇ. ಜಿಪಿಎಸ್‌ನಲ್ಲಿ ಬರೀ ಡೆವಿಲ್ಸ್ ಲೇಕ್ ಅಂತ ಹಾಕ್ಬೇಡಿ, ಅದೇ ಹೆಸರಿನ ಊರು ಮತ್ತೆ ದೊಡ್ಡ ಕೆರೆ ನಾರ್ತ್ ಡಕೋಟಾದಲ್ಲೂ ಇದೆ. ಡೆವಿಲ್ಸ್ ಲೇಕ್ ಸ್ಟೇಟ್ ಪಾರ್ಕ್, ಬ್ಯಾರಬೂ ಅಂತ ಪೂರ್ತಿ ಹಾಕಿ.

ಮ್ಯಾಡಿಸನ್ ಕಡೆಯಿಂದ ಬರೋರು, ಮಕ್ಕಳಿದ್ರೆ ಹೈವೇ 113 ಹಿಡಿದು ಮೆರಿಮ್ಯಾಕ್ ಅನ್ನೋ ಊರಲ್ಲಿ ಫೆರ್ರಿ ಹತ್ತಿ ಬನ್ನಿ. ಕಾರ್ ಸಮೇತ ವಿಸ್ಕಾನ್ಸಿನ್ ನದಿ ದಾಟಿಸ್ತಾರೆ, ದುಡ್ಡಿಲ್ಲ, ಪೂರ್ತಿ ಫ್ರೀ. ಚಳಿಗಾಲದಲ್ಲಿ ನಿಲ್ಲಿಸ್ತಾರೆ. ವೀಕೆಂಡ್‌ನಲ್ಲಿ ಕ್ಯೂ ಇರತ್ತೆ, ಆದ್ರೂ ಸೇತುವೆ ಮೇಲೆ ಹೋಗೋದಕ್ಕಿಂತ ಇದೇ ಚೆಂದ.

ಅಲ್ಲಿ ಅಂಥದ್ದೇನಿದೆ? ಮಿಡ್‌ವೆಸ್ಟ್ ತುಂಬ ಕೆರೆನೇ ಅಲ್ವಾ?

ಕೆರೆ ಸಾವಿರ ಇವೆ, ಆದ್ರೆ ಮಿಡ್‌ವೆಸ್ಟ್ ಅಂದ್ರೆ ಚಪ್ಪಟೆ ನೆಲ, ಜೋಳದ ಹೊಲ, ಮತ್ತೆ ಜೋಳದ ಹೊಲ. ಮೂರು ಗಂಟೆ ಅದನ್ನೇ ನೋಡ್ಕೊಂಡ್ ಬಂದು ಬ್ಯಾರಬೂ ದಾಟಿ ಪಾರ್ಕ್ ಒಳಗೆ ಇಳಿದಾಗ ಇದ್ದಕ್ಕಿದ್ದಂಗೆ ಎರಡೂ ಕಡೆ 500 ಅಡಿ ಎತ್ತರದ ಕಲ್ಲಿನ ಗೋಡೆ, ಮಧ್ಯ ಸುಮಾರು 360 ಎಕರೆ ನೀರು. ಮೊದಲ ಸಲ ನೋಡಿದಾಗ ನನಗೆ ರಾಮನಗರದ ಬೆಟ್ಟದ ಬುಡದಲ್ಲಿ ಯಾರೋ ಕೆರೆ ಕಟ್ಟಿದಾರೆ ಅನ್ನಿಸ್ತು.

ಆ ಕಲ್ಲು ನಮ್ಮ ಬೆಣಚುಕಲ್ಲಿನ ಜಾತಿ, ಸ್ವಲ್ಪ ನೇರಳೆ ಸ್ವಲ್ಪ ಗುಲಾಬಿ ಬಣ್ಣ, ಕಬ್ಬಿಣದ ಅಂಶ ಇರೋದಕ್ಕೆ ಹಂಗೆ. ವಯಸ್ಸು ಸುಮಾರು 160-170 ಕೋಟಿ ವರ್ಷ. ಮೊದಲು ಅದು ಮರಳು, ಆಮೇಲೆ ಭೂಮಿ ಒಳಗೆ ಸೇರಿ ಒತ್ತಡಕ್ಕೆ ಬಿಸಿಗೆ ಗಟ್ಟಿಯಾಗಿ ಕಲ್ಲಾಗಿದೆ. ಹಳೇ ಕಾಲದ ಒಂದು ನದಿ ಈ ಕಲ್ಲನ್ನ ಕೊರೆದು ಕಣಿವೆ ಮಾಡಿತ್ತು, ಆಮೇಲೆ ಹಿಮಯುಗದಲ್ಲಿ ಹಿಮದ ರಾಶಿ ತಳ್ಕೊಂಡ್ ಬಂದ ಕಲ್ಲು ಮಣ್ಣೆಲ್ಲ ಕಣಿವೆಯ ಎರಡೂ ಬಾಯಿಗೆ ಬಿದ್ದು ಮುಚ್ಕೊಂಡು ಮಧ್ಯ ನೀರು ನಿಂತ್ಕೊಳ್ತು. ಅಂದ್ರೆ ಕೆರೆ ಏರಿನ ಹಿಮವೇ ಕಟ್ಟಿದೆ, ಎರಡು ಕಡೆಗೂ.

ಅಪ್ಪನ್ನ ಕರ್ಕೊಂಡ್ ಹೋದ ವರ್ಷದ್ದು ಒಂದು ವಿಷಯ ಹೇಳ್ಬೇಕು. ಈಸ್ಟ್ ಬ್ಲಫ್, ಅಂದ್ರೆ ಪೂರ್ವ ಕಡೆಯ ಕಲ್ಲಿನ ಗೋಡೆ, ಹತ್ತೋ ದಾರೀಲಿ ಸುಸ್ತಾಗಿ ಒಂದು ಚಪ್ಪಟೆ ಬಂಡೆ ಮೇಲೆ ಕೂತ್ರು, ಕೈ ಆಡಿಸ್ತಾ ಆಡಿಸ್ತಾ ನೋಡಿದ್ರೆ ಬಂಡೆ ತುಂಬ ಸಾಲು ಸಾಲು ಏರಿಳಿತ, ಬೆರಳು ಹಿಡಿಸೋಷ್ಟು ಅಂತರ. ಕನ್ನಡಕ ಹಾಕ್ಕೊಂಡು ಬಗ್ಗಿ ನೋಡಿ "ಇದು ನೀರಿನ ಗೆರೆ ಕಣೋ, ನಮ್ಮೂರ ಕೆರೆ ಬತ್ತುವಾಗ ಅಂಚಲ್ಲಿ ಮರಳು ಹಿಂಗೇ ಇರತ್ತೆ" ಅಂದ್ರು. ಅವರು ಹೇಳಿದ್ದು ಅಕ್ಷರಶಃ ನಿಜ, ಆ ಗೆರೆಗಳು ಆಗಿನ ನೀರಿನ ಅಲೆ ಮರಳ ಮೇಲೆ ಬಿಟ್ಟಿದ್ದೇ, ಹಂಗೇ ಕಲ್ಲಾಗಿ ಕೂತಿದೆ. ಹಾಸನ ಕಡೆ ಜೀವಮಾನ ಪೂರ್ತಿ ಬೇಸಾಯ ಮಾಡಿದೋರು, ಯಾವ ಬೋರ್ಡೂ ಓದದೇ ಹೇಳಿದ್ರು. ಆಮೇಲೆ ನಮ್ಮ ಲಾಲ್‌ಬಾಗ್ ಬಂಡೆ ಇದಕ್ಕಿಂತ ಹಳೇದು, ಸುಮಾರು 300 ಕೋಟಿ ವರ್ಷದ್ದು ಅಂತ ಹೇಳಿದಾಗ ಇನ್ನೂ ಖುಷಿ ಪಟ್ರು.

ಡೆವಿಲ್ ಅಂತ ಯಾಕೆ ಹೆಸರು? ಅಮ್ಮ ಹೆಸರು ಕೇಳೇ ಬೇಡ ಅಂತಿದಾರೆ.

ಅಮ್ಮಂಗೆ ಇದನ್ನ ಓದಿ ಹೇಳಿ. ಇದು ಹೋ-ಚಂಕ್ ಅನ್ನೋ ಇಲ್ಲಿನ ಮೂಲನಿವಾಸಿ ಜನರ ನೆಲ, ಅವರ ಭಾಷೆಯಲ್ಲಿ ಈ ಕೆರೆ ಹೆಸರು ತೆ ವಕಂಚಂಕ್, ಅರ್ಥ ಪವಿತ್ರವಾದ ಕೆರೆ ಅಂತ. ಆಮೇಲೆ ಬಂದ ಬಿಳಿಯರು ದೈವ ಅನ್ನೋದನ್ನ ದೆವ್ವ ಅಂತ ತಿಳ್ಕೊಂಡು ಡೆವಿಲ್ ಮಾಡಿಟ್ರು. ನಮ್ಮ ಕಡೆ ಭೂತ ಅಂದ್ರೆ ತುಳುನಾಡಿನವರಿಗೆ ದೈವ, ಹೊರಗಿನವರಿಗೆ ಪಿಶಾಚಿ, ಅದೇ ಥರ ಆಗಿದೆ ಇಲ್ಲೂ.

ಕೆರೆ ದಡದಲ್ಲಿ ಆ ಜನರ ಪೂರ್ವಿಕರು ಸುಮಾರು 1000 ವರ್ಷ ಹಿಂದೆ ಮಣ್ಣಲ್ಲಿ ಮಾಡಿದ ದಿಬ್ಬಗಳಿವೆ, ಮೇಲಿಂದ ನೋಡಿದ್ರೆ ಪ್ರಾಣಿ ಪಕ್ಷಿ ಆಕಾರ. ನಾರ್ತ್ ಶೋರ್ ಕಡೆ ಕರಡಿ ಥರದ್ದು, ಸೌತ್ ಶೋರ್ ಕಡೆ ರೆಕ್ಕೆ ಬಿಚ್ಚಿದ ದೊಡ್ಡ ಹಕ್ಕಿ. ನೆಲದಲ್ಲಿ ನಿಂತ್ರೆ ಬರೀ ಹುಲ್ಲಿನ ಉಬ್ಬು ಥರ ಕಾಣತ್ತೆ, ಅದಕ್ಕೇ ಜನ ಅದರ ಮೇಲೇ ಚಾಪೆ ಹಾಸಿ ಊಟಕ್ಕೆ ಕೂರ್ತಾರೆ, ಮಕ್ಕಳು ಓಡಾಡ್ತಾರೆ. ದಯವಿಟ್ಟು ಮಾಡ್ಬೇಡಿ. ಇಂಥ ದಿಬ್ಬಗಳಲ್ಲಿ ಎಷ್ಟೋ ಕಡೆ ಸತ್ತೋರನ್ನ ಮಣ್ಣು ಮಾಡಿದಾರೆ. ನಮ್ಮೂರ ಬನದ ನಾಗರಕಲ್ಲಿನ ಮೇಲೆ ಯಾರಾದ್ರೂ ಚಪ್ಪಲಿ ಕಾಲಿಟ್ರೆ ನಮಗೆ ಹೆಂಗಾಗತ್ತೆ ಅಂತ ಒಂದ್ ಸಲ ಯೋಚ್ನೆ ಮಾಡಿ.

ಬೆಳಗ್ಗೆ ಹೋಗಿ ಸಂಜೆ ಬರ್ಬಹುದಾ? ಅಥವಾ ಡೆಲ್ಸ್‌ಗೆ ಹೋಗ್ತಾ ದಾರೀಲಿ ಒಂದೆರಡು ಗಂಟೆ?

ಬರ್ಬಹುದು, ಎಷ್ಟೋ ಜನ ಹಂಗೇ ಮಾಡ್ತಾರೆ, ವಿಸ್ಕಾನ್ಸಿನ್ ಡೆಲ್ಸ್‌ನ ವಾಟರ್ ಪಾರ್ಕ್‌ಗಳು ಅಲ್ಲಿಂದ ಅರ್ಧ ಗಂಟೆ ಒಳಗೆ ಇವೆ. ಆದ್ರೆ ನನ್ನ ಮಾತು ಕೇಳೋದಾದ್ರೆ ಎರಡು ರಾತ್ರಿ ಇರಿ. ಈ ಪಾರ್ಕ್‌ಗೆ ವರ್ಷಕ್ಕೆ 20 ಲಕ್ಷಕ್ಕೂ ಜಾಸ್ತಿ ಜನ ಬರ್ತಾರೆ, ರಾಜ್ಯದಲ್ಲೇ ಅತಿ ಹೆಚ್ಚು, ಅವರಲ್ಲಿ ಬಹಳಷ್ಟು ಜನ ಬೆಳಗ್ಗೆ ಹನ್ನೊಂದಕ್ಕೆ ಬಂದು ಸಂಜೆ ಆರಕ್ಕೆ ಹೋಗೋರು. ಬೇಸಿಗೆ ಶನಿವಾರ ಮಧ್ಯಾಹ್ನ ಸೌತ್ ಶೋರ್ ನೋಡಿದ್ರೆ ಜಾತ್ರೆ, ಪಾರ್ಕಿಂಗ್ ಹುಡುಕೋದ್ರಲ್ಲೇ ಮುಕ್ಕಾಲು ಗಂಟೆ ಹೋಗತ್ತೆ, ಬಿಸಿಲು, ಸ್ಪೀಕರ್ ಹಾಡು, ಗ್ರಿಲ್ ಹೊಗೆ. ಅದನ್ನ ನೋಡಿ ಇಷ್ಟೇನಾ ಅಂತ ವಾಪಸ್ ಹೋದೋರು ನನಗೆ ತುಂಬ ಜನ ಗೊತ್ತು.

ಅದೇ ಕೆರೆ ಬೆಳಗ್ಗೆ ಐದೂವರೆಗೆ ಬೇರೇನೇ. ನೀರಿನ ಮೇಲೆ ಮಂಜು ಹೊಗೆ ಥರ ಎದ್ದಿರತ್ತೆ, ಕಲ್ಲಿನ ಗೋಡೆಯ ಮೇಲಿನ ಅಂಚು ಮಾತ್ರ ಕೆಂಪಾಗಿರತ್ತೆ, ಕೆಳಗಡೆ ಇನ್ನೂ ಕತ್ತಲೆ. ಒಂದು ಮೀನು ಹಾರಿದ್ರೂ ಆಚೆ ದಡಕ್ಕೆ ಕೇಳತ್ತೆ. ಇದು ಸಿಗ್ಬೇಕು ಅಂದ್ರೆ ಅಲ್ಲೇ ಮಲಗಿರ್ಬೇಕು. ಮೊದಲ ರಾತ್ರಿ ಟೆಂಟ್ ಹಾಕೋದು, ಅಡುಗೆ, ಮಕ್ಕಳ ಗಲಾಟೆ ಇದರಲ್ಲೇ ಕಳೆಯತ್ತೆ, ನಿದ್ದೇನೂ ಸರಿಯಾಗಿ ಬರಲ್ಲ, ಎರಡನೇ ದಿನಾನೇ ಮನಸ್ಸು ಕೂರೋದು.

ಸೈಟ್, ಅಂದ್ರೆ ಟೆಂಟ್ ಹಾಕೋ ಜಾಗ, ಬುಕ್ ಮಾಡೋದು ಹೆಂಗೆ? ಯಾವಾಗ ನೋಡಿದ್ರೂ ಫುಲ್ ಅಂತಾನೇ ತೋರಿಸತ್ತೆ.

ವಿಸ್ಕಾನ್ಸಿನ್ ಸ್ಟೇಟ್ ಪಾರ್ಕ್‌ನವರ ವೆಬ್‌ಸೈಟಲ್ಲಿ ಬುಕಿಂಗ್ 11 ತಿಂಗಳು ಮುಂಚೆನೇ ಓಪನ್ ಆಗತ್ತೆ. ಅಂದ್ರೆ ಜುಲೈ ವೀಕೆಂಡ್ ಬೇಕಿದ್ರೆ ಹಿಂದಿನ ಆಗಸ್ಟ್‌ನಲ್ಲೇ ಕೂರ್ಬೇಕು. 400ಕ್ಕೂ ಹೆಚ್ಚು ಸೈಟ್ ಇದ್ರೂ ಬೇಸಿಗೆ ವೀಕೆಂಡ್ ಸಿಗೋದು ಕಷ್ಟ. ನಾನು ಎರಡು ದಾರಿ ಹೇಳ್ತೀನಿ. ಒಂದು, ಭಾನುವಾರದಿಂದ ಗುರುವಾರದ ಒಳಗೆ ಎರಡು ರಜ ಹಾಕಿ ಹೋಗಿ, ಸೈಟೂ ಸುಲಭವಾಗಿ ಸಿಗತ್ತೆ ಪಾರ್ಕೂ ಖಾಲಿ. ಇನ್ನೊಂದು, ಮಳೆ ಬರತ್ತೆ ಅಂತ ಹವಾಮಾನದವರು ಹೇಳಿದ ವಾರ ಬುಧವಾರ ಗುರುವಾರ ವೆಬ್‌ಸೈಟ್ ತೆಗೆದು ನೋಡ್ತಾ ಇರಿ, ಕ್ಯಾನ್ಸಲ್ ಆಗಿರೋದು ಒಂದೊಂದೇ ಬರತ್ತೆ.

ಏನ್ ಮಾಡಿದ್ರೂ ಸಿಗಲಿಲ್ಲ ಅಂದ್ರೆ ಹತ್ತಿರದಲ್ಲೇ ಮಿರರ್ ಲೇಕ್ ಸ್ಟೇಟ್ ಪಾರ್ಕ್ ಇದೆ, ಅಲ್ಲಿ ಮಲಗಿ ಹಗಲು ಇಲ್ಲಿಗೆ ಬನ್ನಿ. ಅಲ್ಲಿ ನೀರು ಇನ್ನೂ ಶಾಂತ, ಚಿಕ್ಕ ಮಕ್ಕಳಿಗೆ ಕಯಾಕ್ ಕಲಿಸೋಕೆ ಅದೇ ವಾಸಿ.

ಮೂರು ಕ್ಯಾಂಪ್‌ಗ್ರೌಂಡ್ ಹೆಸರು ಕಾಣ್ತಿದೆ, ಯಾವುದು ತಗೊಳ್ಳೋದು?

ಕ್ವಾರ್ಟ್‌ಜೈಟ್, ನಾರ್ದರ್ನ್ ಲೈಟ್ಸ್, ಐಸ್ ಏಜ್. ಕ್ವಾರ್ಟ್‌ಜೈಟ್ ಬಯಲು, ಮರ ಕಮ್ಮಿ, ಕರೆಂಟ್ ಇರೋ ಸೈಟ್ ಸಿಗತ್ತೆ, ಆರ್‌ವಿ, ಅಂದ್ರೆ ಒಳಗೇ ಮಲಗೋ ದೊಡ್ಡ ಗಾಡಿ, ತರೋರಿಗೆ ಸರಿ, ಕೆರೆಗೂ ಹತ್ರ. ಐಸ್ ಏಜ್ ಕಾಡಿನ ಒಳಗೆ, ನೆರಳು ಜಾಸ್ತಿ, ಪಕ್ಕದವರು ಅಷ್ಟು ಕಾಣಲ್ಲ, ನಮಗೆ ಅದೇ ಇಷ್ಟ. ನಾರ್ದರ್ನ್ ಲೈಟ್ಸ್ ಎರಡರ ಮಧ್ಯ, ಅಲ್ಲೂ ಕರೆಂಟ್ ಇರೋ ಸೈಟ್ ಇವೆ, ಅಮ್ಮಂಗೆ ರಾತ್ರಿ ಉಸಿರಾಟದ ಮಷೀನ್ ಬೇಕು ಅನ್ನೋರು ಇಂಥದ್ದೇ ನೋಡಿ ತಗೊಳ್ಳಿ. ಬಿಸಿನೀರು ಸ್ನಾನ, ಫ್ಲಶ್ ಟಾಯ್ಲೆಟ್ ಎಲ್ಲ ಇದೆ, ಹೆದರ್ಬೇಡಿ. ಆದ್ರೆ ಸೈಟ್ ತಗೊಳ್ಳುವಾಗ ಮ್ಯಾಪಲ್ಲಿ ಟಾಯ್ಲೆಟ್ ಎಷ್ಟು ದೂರ ನೋಡಿ, ವಯಸ್ಸಾದೋರು ರಾತ್ರಿ ಎರಡು ಸಲ ಏಳ್ತಾರೆ, ಟಾರ್ಚ್ ಹಿಡ್ಕೊಂಡು 300 ಅಡಿ ನಡೆಯೋದು ಅವರಿಗೆ ದೊಡ್ಡ ವಿಷಯ. ತೀರಾ ಪಕ್ಕದ್ದೂ ಬೇಡ, ರಾತ್ರಿ ಇಡೀ ಬಾಗಿಲ ಸದ್ದು.

ಎಂಟ್ರಿ ಫೀಸು?

ಗಾಡಿಗೆ ಸ್ಟಿಕರ್ ತಗೋಬೇಕು, ದಿನದ್ದೂ ಇದೆ ವರ್ಷದ್ದೂ ಇದೆ. ಇಲಿನಾಯ್ ಅಥವಾ ಬೇರೆ ರಾಜ್ಯದ ನಂಬರ್ ಪ್ಲೇಟ್ ಇದ್ರೆ ಜಾಸ್ತಿ. ಕ್ಯಾಂಪ್ ಸೈಟಿನ ದುಡ್ಡು ಅದರಲ್ಲಿ ಸೇರಿಲ್ಲ, ಅದು ಬೇರೆ. ವರ್ಷದಲ್ಲಿ ಮೂರ್ನಾಲ್ಕು ದಿನ ವಿಸ್ಕಾನ್ಸಿನ್ ಪಾರ್ಕ್‌ಗಳಿಗೆ ಹೋಗೋರು ವರ್ಷದ್ದೇ ತಗೊಂಡ್ರೆ ಲಾಭ.

ಅಪ್ಪ ಅಮ್ಮನಿಗೆ ಮಂಡಿ ನೋವು. ಅವರು ಏನ್ ಮಾಡ್ಬಹುದು?

ಬೆಟ್ಟ ಹತ್ತದೇನೂ ಅಲ್ಲಿ ಒಂದು ದಿನ ಆರಾಮಾಗಿ ಕಳೆಯತ್ತೆ. ನಾರ್ತ್ ಶೋರ್‌ನಲ್ಲಿ ಮರದ ನೆರಳು, ಬೆಂಚು, ಹುಲ್ಲು, ನೀರಿನ ಪಕ್ಕ ಸಮತಟ್ಟಾದ ದಾರಿ ಇದೆ. ಸೌತ್ ಶೋರ್ ಕಡೆ ನೀರಿನ ಅಂಚಲ್ಲೇ ಮರದ ಹಲಗೆ ಹಾಕಿದ ಬೋರ್ಡ್‌ವಾಕ್ ಇದೆ, ಅಲ್ಲಿಂದ ಕಲ್ಲಿನ ಗೋಡೆ ಪೂರ್ತಿ ಕಾಣತ್ತೆ. ಪಶ್ಚಿಮ ದಡದಲ್ಲಿ ಟಂಬಲ್ಡ್ ರಾಕ್ಸ್ ಅಂತ ಒಂದು ಮೈಲಿ ದಾರಿ, ಬೆಟ್ಟದಿಂದ ಉರುಳಿ ಬಿದ್ದ ದೊಡ್ಡ ದೊಡ್ಡ ಕಲ್ಲಿನ ರಾಶಿ ನಡುವೆ ಹೋಗತ್ತೆ, ಏರಿಲ್ಲ, ಆದ್ರೆ ಕೆಲವು ಕಡೆ ಕಲ್ಲು ಎತ್ತರ ತಗ್ಗು ಇದೆ, ಕೈ ಹಿಡಿದು ನಡೆಸ್ಬೇಕು. ನಮ್ಮಮ್ಮ ಅದರ ಅರ್ಧಕ್ಕೆ ಹೋಗಿ ಒಂದು ಕಲ್ಲಿನ ಮೇಲೆ ಕೂತು ನೀರಲ್ಲಿ ಕಾಲು ಬಿಟ್ಕೊಂಡು ಒಂದೂವರೆ ಗಂಟೆ ಸುಮ್ನೆ ಇದ್ರು. ಅಮೆರಿಕಕ್ಕೆ ಬಂದು ಐದು ತಿಂಗಳಲ್ಲಿ ಅವರು ಮನೆ ಒಳಗೆ ಕೂತಿದ್ದೇ ಹೆಚ್ಚು, ಆವತ್ತು ಅವರ ಮುಖ ನೋಡಿದ ಮೇಲೆ ನನಗೆ ಇಷ್ಟು ದಿನ ಮೊದಲೇ ಕರ್ಕೊಂಡ್ ಬರಲಿಲ್ವಲ್ಲ ಅಂತ ಬೇಜಾರಾಯ್ತು.

ಫೋಲ್ಡಿಂಗ್ ಕುರ್ಚಿ ಒಳ್ಳೇದು ತಗೊಳ್ಳಿ, ಕೈ ಇರೋದು, ಸ್ವಲ್ಪ ಎತ್ತರದ್ದು. ಟೆಂಟ್ ಒಳಗೆ ಅವರಿಗೆ ಕಾಟ್, ಅಂದ್ರೆ ಮಡಚೋ ಮಂಚ ಹಾಕಿ. ನೆಲದ ಹಾಸಿಗೆಯಿಂದ ಏಳೋದೇ ಮಂಡಿ ನೋವಿನವರಿಗೆ ಕಷ್ಟ.

ಹತ್ತೋರಿಗೆ ಯಾವ ದಾರಿ?

ಬ್ಯಾಲೆನ್ಸ್ಡ್ ರಾಕ್ ಎಲ್ಲರೂ ಕೇಳೋದು. ಉದ್ದ ಅರ್ಧ ಮೈಲಿನೂ ಇಲ್ಲ, ಆದ್ರೆ ಪೂರ್ತಿ ಕಲ್ಲಿನ ಮೆಟ್ಟಿಲು, ಕಡಿದಾಗಿದೆ, ಮಳೆ ಬಂದಾಗ ಬೆಣಚುಕಲ್ಲು ಸೋಪಿನ ಥರ ಜಾರತ್ತೆ. ಮೇಲೆ ಹೋದ್ರೆ ಆನೆ ಗಾತ್ರದ ಕಲ್ಲು ಸಣ್ಣ ಬುಡದ ಮೇಲೆ ನಿಂತಿದೆ, ಹಿಂದೆ ಕೆರೆ. ಅಲ್ಲಿಂದ ಈಸ್ಟ್ ಬ್ಲಫ್ ಮೇಲೇ ನಡೆದು ಹೋದ್ರೆ ಡೆವಿಲ್ಸ್ ಡೋರ್‌ವೇ, ಕಲ್ಲಿನ ಬಾಗಿಲು ಥರ ಇರೋದು. ವೆಸ್ಟ್ ಬ್ಲಫ್ ಸುಮಾರು ಒಂದೂವರೆ ಮೈಲಿ, ಜನ ಸ್ವಲ್ಪ ಕಮ್ಮಿ, ಸೂರ್ಯೋದಯದ ಬಿಸಿಲು ಅದರ ಮೇಲೇ ಮೊದಲು ಬೀಳತ್ತೆ, ಬೆಳಗ್ಗೆ ಹತ್ತೋದಾದ್ರೆ ಅದೇ ಹತ್ತಿ. ಈ ಮೆಟ್ಟಿಲುಗಳು ಎಷ್ಟೋ ಕಡೆ 1930ರ ದಶಕದಲ್ಲಿ ಕೆಲಸ ಇಲ್ಲದ ಹುಡುಗರನ್ನ ಸರ್ಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಅಂತ ಸೇರಿಸ್ಕೊಂಡು ಕೈಯಲ್ಲೇ ಹಾಕ್ಸಿದ್ದು, ಇವತ್ತಿಗೂ ಅಲ್ಲಾಡಿಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ಮೇಲೆ ಕಂಬಿ ಇಲ್ಲ, ಬೇಲಿ ಇಲ್ಲ, ನೂರಾರು ಅಡಿ ನೇರ ಕೆಳಗೆ. ಇಲ್ಲಿ ಬಿದ್ದು ಜೀವ ಕಳ್ಕೊಂಡೋರಿದಾರೆ. ಫೋಟೋಗೆ ಅಂಚಿಗೆ ಹೋಗ್ಬೇಡಿ, ಮಕ್ಕಳ ಕೈ ಬಿಡ್ಬೇಡಿ, ಎಂಟು ವರ್ಷದ ಒಳಗಿನವರನ್ನ ಒಬ್ಬ ದೊಡ್ಡವರಿಗೆ ಒಂದು ಮಗು ಲೆಕ್ಕದಲ್ಲೇ ಕರ್ಕೊಂಡ್ ಹೋಗಿ. ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕಿ. ಹಗ್ಗ ಕಟ್ಕೊಂಡು ಬಂಡೆ ಹತ್ತೋರು ತುಂಬ ಜನ ಕಾಣ್ತಾರೆ, ಈ ಜಾಗ ಅದಕ್ಕೆ ಬಹಳ ಹೆಸರುವಾಸಿ, ಅವರನ್ನ ನೋಡಿ ಹುಡುಗರು ಬರಿಗೈಲಿ ಟ್ರೈ ಮಾಡೋಕೆ ಹೋಗ್ತಾರೆ, ಕಣ್ಣಿಟ್ಟಿರಿ.

ಈಜಬಹುದಾ? ನೀರು ಕ್ಲೀನಾಗಿದೆಯಾ?

ಎರಡು ಬೀಚ್, ನಾರ್ತ್ ಮತ್ತೆ ಸೌತ್, ಎರಡೂ ಕಡೆ ಮರಳು. ಲೈಫ್‌ಗಾರ್ಡ್ ಇರಲ್ಲ, ನಿಮ್ಮ ಮಕ್ಕಳಿಗೆ ನೀವೇ. ಅಂಚಲ್ಲಿ ಆಳ ಕಮ್ಮಿ, ಆದ್ರೆ ಕೆರೆ ಆಳ ಕೆಲವು ಕಡೆ 40 ಅಡಿ ದಾಟತ್ತೆ. ಜೂನ್ ಮೊದಲ ವಾರ ನೀರು ಕೊರೆಯತ್ತೆ, ಜುಲೈ ಆಗಸ್ಟ್ ಚೆನ್ನಾಗಿರತ್ತೆ.

ಪೆಟ್ರೋಲ್ ಮೋಟಾರ್ ಬೋಟ್ ಈ ಕೆರೆಯಲ್ಲಿ ಬಿಡಲ್ಲ, ಬ್ಯಾಟರಿ ಮೋಟಾರ್ ಅಥವಾ ಹುಟ್ಟು ಹಾಕೋದು ಅಷ್ಟೇ. ಅದಕ್ಕೇ ನೀರಿಗೆ ಎಣ್ಣೆ ವಾಸನೆ ಇಲ್ಲ, ಸದ್ದಿಲ್ಲ, ಹೊಸಬರು ಕಯಾಕ್ ಹಾಕೋಕೆ ಭಯ ಇಲ್ಲ. ಕಯಾಕು, ಪ್ಯಾಡಲ್ ಬೋರ್ಡು ಅಲ್ಲೇ ಬಾಡಿಗೆಗೆ ಸಿಗತ್ತೆ. ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್ ಬೋಟಲ್ಲಿ ಇರಲೇಬೇಕು ಅನ್ನೋದು ಕಾನೂನು, ಮೈಮೇಲೇ ಇರಲಿ ಅನ್ನೋದು ನನ್ನ ಮಾತು.

ಮೈ ಕಡಿತ ಬರತ್ತೆ ಅಂತ ಕೇಳಿರ್ತೀರ, ಅದು ನಿಜ, ಕೆಲವೊಂದು ದಿನ ಬರತ್ತೆ, ಸ್ವಿಮ್ಮರ್ಸ್ ಇಚ್ ಅಂತಾರೆ. ಬಸವನಹುಳು ಮತ್ತೆ ಬಾತುಕೋಳಿಯಲ್ಲಿ ಇರೋ ಒಂದು ಸಣ್ಣ ಪರಾವಲಂಬಿ ಹುಳ, ಮನುಷ್ಯನ ಚರ್ಮದಲ್ಲಿ ಬದುಕಲ್ಲ, ಎರಡು ದಿನ ಕೆರೆತ ಅಷ್ಟೇ. ನೀರಿಂದ ಬಂದ ತಕ್ಷಣ ಮೈ ಉಜ್ಜಿ ಒರೆಸಿದ್ರೆ ಬಹಳ ಮಟ್ಟಿಗೆ ತಪ್ಪತ್ತೆ, ಒದ್ದೆ ಬಟ್ಟೇಲಿ ಹಂಗೇ ಬಿಸಿಲಲ್ಲಿ ಕೂರ್ಬೇಡಿ.

ಹಾವು, ಕರಡಿ, ಉಣುಗು?

ರ‍್ಯಾಟಲ್ ಸ್ನೇಕ್ ಈ ಕಡೆ ಬೆಟ್ಟಗಳಲ್ಲಿ ಇದೆ, ಆದ್ರೆ ಒಂಬತ್ತು ವರ್ಷದಲ್ಲಿ ನನಗೆ ಒಂದೂ ಕಂಡಿಲ್ಲ. ಕಲ್ಲಿನ ಸಂದಿಗೆ ನೋಡದೇ ಕೈ ಹಾಕ್ಬೇಡಿ, ಸಾಕು. ಕರಡಿ ತೀರಾ ಅಪರೂಪ.

ನಿಜವಾಗ್ಲೂ ಹುಷಾರಾಗಿರ್ಬೇಕಿರೋದು ಉಣುಗಿನ ಬಗ್ಗೆ. ಮಲೆನಾಡಿನವರಿಗೆ ನಾನೇನು ಹೇಳ್ಬೇಕಿಲ್ಲ, 1957ರಲ್ಲಿ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಹರಡೋದೂ ಉಣುಗಿಂದಾನೇ. ಇಲ್ಲಿ ಬರೋದು ಲೈಮ್ ಕಾಯಿಲೆ. ಕರಿ ಕಾಲಿನ ಉಣುಗು, ಮರಿ ಇದ್ದಾಗ ಗಸಗಸೆ ಕಾಳಿನಷ್ಟೇ, ಮೇ ಇಂದ ಜುಲೈ ಅದರ ಕಾಲ. ಪ್ಯಾಂಟನ್ನ ಸಾಕ್ಸ್ ಒಳಗೆ ಸೇರಿಸಿ, ತಿಳಿ ಬಣ್ಣದ ಬಟ್ಟೆ ಹಾಕಿ, ಹುಳ ಹತ್ರ ಬರದಂಗೆ ಮಾಡೋ ಡೀಟ್ ಇರೋ ಸ್ಪ್ರೇ ಮೈಗೆ, ಪರ್ಮೆತ್ರಿನ್ ಅನ್ನೋ ಕೀಟನಾಶಕ ಬಟ್ಟೆಗೆ ಮಾತ್ರ. ಸಂಜೆ ಸ್ನಾನ ಮಾಡುವಾಗ ಕಂಕುಳು, ಕಿವಿ ಹಿಂದೆ, ಮಂಡಿ ಹಿಂದೆ, ಮಕ್ಕಳ ತಲೆಕೂದಲ ಒಳಗೆ ಬೆರಳಾಡಿಸಿ ನೋಡಿ. ಕಚ್ಚಿದ್ರೆ ಚಿಮಟದಲ್ಲಿ ಚರ್ಮದ ಹತ್ರ ಹಿಡಿದು ನೇರ ಎಳೀರಿ, ಸೀಮೆಎಣ್ಣೆ, ಬೆಂಕಿಕಡ್ಡಿ ಅಂತೆಲ್ಲ ಹಳೇ ಪ್ರಯೋಗ ಬೇಡ. ಕಾಯಿಲೆ ಅಂಟೋಕೆ ಸಾಮಾನ್ಯವಾಗಿ ಅದು 24 ಗಂಟೆಗಿಂತ ಜಾಸ್ತಿ ಕಚ್ಕೊಂಡಿರ್ಬೇಕು, ಹಂಗಾಗಿ ದಿನಾ ನೋಡಿದ್ರೆ ಬಹುಪಾಲು ಭಯ ಇಲ್ಲ. ಒಂದು ತಿಂಗಳ ಒಳಗೆ ಜ್ವರ ಬಂದ್ರೆ, ಕೆಂಪು ಉಂಗುರದ ಥರ ಮಚ್ಚೆ ಹರಡಿದ್ರೆ ಡಾಕ್ಟರ್ ಹತ್ರ ಹೋಗಿ ಕಾಡಿಗೆ ಹೋಗಿದ್ವಿ ಅಂತ ಬಾಯಿಬಿಟ್ಟು ಹೇಳಿ. ಅಪ್ಪ ಅಮ್ಮ ಆಗಲೇ ಇಂಡಿಯಾಗೆ ವಾಪಸ್ ಹೋಗಿದ್ರೆ ಅಲ್ಲಿನ ಡಾಕ್ಟರ್‌ಗೂ ಇದನ್ನ ಹೇಳಿ, ಅವರಿಗೆ ಇದು ತಕ್ಷಣ ಹೊಳೆಯಲ್ಲ.

ಇನ್ನೊಂದು ಪಾಯ್ಸನ್ ಐವಿ ಅನ್ನೋ ಬಳ್ಳಿ, ಮೂರು ಮೂರು ಎಲೆ. ಇದು ನಮ್ಮ ಮಾವು ಗೇರಿನ ಕುಟುಂಬದ್ದೇ. ಗೇರುಬೀಜದ ಸಿಪ್ಪೆ ಎಣ್ಣೆ ತಾಗಿದ್ರೆ ಬೊಬ್ಬೆ ಏಳತ್ತಲ್ಲ, ಹಂಗೇ ಇದೂ. ದಾರಿ ಬಿಟ್ಟು ಪೊದೆಗೆ ಹೋಗ್ಬೇಡಿ.

ಊಟಕ್ಕೆ ಏನ್ ತಗೊಂಡ್ ಹೋಗೋದು?

ಮೊದಲ ದಿನಕ್ಕೆ ಚಪಾತಿ ಪಲ್ಯ ಮನೆಯಿಂದಲೇ. ಆಮೇಲಿಂದಕ್ಕೆ ಹುರಿದ ರವೆ, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ, ಮೊಸರು ಕೂಲರ್‌ನಲ್ಲಿ. ಒಗ್ಗರಣೆ ಸಾಮಾನೆಲ್ಲ ಒಂದೇ ಸಣ್ಣ ಡಬ್ಬೀಲಿ ಹಾಕಿ. ಎರಡು ಬರ್ನರ್ ಗ್ಯಾಸ್ ಸ್ಟವ್ ಸಾಕು, ಸೌದೆ ಬೆಂಕೀಲಿ ಅಡುಗೆ ಮಾಡ್ತೀವಿ ಅಂತ ಕೂತ್ರೆ ಮಕ್ಕಳು ಹಸಿದು ಮಲಗ್ತಾರೆ. ಬೆಂಕೀಲಿ ಜೋಳ ಸುಡಿ, ಆಗಸ್ಟ್‌ನಲ್ಲಿ ರಸ್ತೆ ಬದಿ ರೈತರೇ ಮಾರ್ತಿರ್ತಾರೆ, ಅಲ್ಲೇ ಕಿತ್ತಿದ್ದು, ಸಿಪ್ಪೆ ಸಮೇತ ಕೆಂಡದಲ್ಲಿಟ್ಟು ಆಮೇಲೆ ಸುಲಿದು ನಿಂಬೆಹಣ್ಣು ಖಾರದಪುಡಿ ಉಜ್ಜಿ ಕೊಟ್ರೆ ಬೇರೆ ಊಟ ಬೇಕಿಲ್ಲ.

ಕುಕ್ಕರ್ ತರೋದಾದ್ರೆ ಬೆಳಗ್ಗೆ ಏಳರ ನಂತರ ಇಡಿ. ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಸದ್ದು ಮಾಡೋ ಹಂಗಿಲ್ಲ, ಆರು ಗಂಟೆಗೆ ಸರಿಯಾಗಿ ಸೀಟಿ ಹೊಡೆಸಿದ್ರೆ ನಿಯಮ ಮುರಿದಂಗಲ್ಲ, ಆದ್ರೆ ಪಕ್ಕದ ಟೆಂಟಲ್ಲಿ ಮಗು ಮಲಗಿರತ್ತೆ.

ತಿಂಡಿ ಡಬ್ಬಿ, ಸಕ್ಕರೆ, ಎಣ್ಣೆ, ಹಣ್ಣು, ಟೂತ್‌ಪೇಸ್ಟ್ ಕೂಡ ರಾತ್ರಿ ಕಾರಲ್ಲಿಟ್ಟು ಲಾಕ್ ಮಾಡಿ. ರಕೂನ್ ಅನ್ನೋ ಪ್ರಾಣಿ ಕೈ ಮನುಷ್ಯರ ಥರ ಕೆಲಸ ಮಾಡತ್ತೆ. ಒಂದು ರಾತ್ರಿ ಸದ್ದಾಯ್ತು ಅಂತ ಟಾರ್ಚ್ ಬಿಟ್ಟು ನೋಡಿದ್ರೆ ಟೇಬಲ್ ಮೇಲೆ ಕೂತು, ನಾಲ್ಕೂ ಕಡೆ ಕ್ಲಿಪ್ ಇರೋ ಡಬ್ಬಿಯ ಕ್ಲಿಪ್ ಒಂದೊಂದೇ ಎತ್ತಿ, ಚಿತ್ರಾನ್ನದಲ್ಲಿದ್ದ ಕಡಲೆಬೀಜ ಆರಿಸಿ ಆರಿಸಿ ತಿಂತಿತ್ತು. ಬೆಳಕು ಬಿದ್ರೂ ಓಡಲಿಲ್ಲ, ನನ್ನ ಮುಖ ನೋಡ್ಕೊಂಡೇ ಅಗೀತಿತ್ತು. ಮಕ್ಕಳು ನೋಡಿ ಖುಷಿ ಪಡ್ತಾರೆ, ಆದ್ರೆ ಬೇಕಂತ ಊಟ ಹಾಕ್ಬೇಡಿ, ಜನರಿಗೆ ಒಗ್ಗಿದ ಕಾಡುಪ್ರಾಣಿಗೆ ಕೊನೆಗೆ ಕೆಡುಕೇ ಆಗೋದು.

ಸೌದೆ ಮನೆಯಿಂದ ತರಬಹುದಾ?

ಬೇಡ. ಪಾರ್ಕ್‌ನಿಂದ 10 ಮೈಲಿ ಒಳಗಿನದ್ದೋ ಅಥವಾ ಸರ್ಟಿಫೈಡ್ ಅಂತ ಮುದ್ರೆ ಇರೋದೋ ಮಾತ್ರ ಒಳಗೆ ಬಿಡ್ತಾರೆ. ಎಮರಾಲ್ಡ್ ಆಶ್ ಬೋರರ್ ಅನ್ನೋ ಹಸಿರು ಹುಳ ಸೌದೆ ಒಳಗೆ ಕೂತು ಊರಿಂದ ಊರಿಗೆ ಹೋಗಿ ಅಮೆರಿಕದಲ್ಲಿ ಕೋಟಿಗಟ್ಟಲೆ ಆಶ್ ಮರ ಕೊಂದಿದೆ. ಪಾರ್ಕ್ ಪಕ್ಕದಲ್ಲೇ ಸೌದೆ ಸಿಗತ್ತೆ, ನಾಲ್ಕು ಡಾಲರ್ ಉಳಿಸೋಕೆ ಹೋಗಿ ಕಾಡು ಕೆಡಿಸೋದು ಬೇಡ.

ಮಳೆ ಬಂದ್ರೆ?

ಬರತ್ತೆ. ಜೂನ್ ಜುಲೈನಲ್ಲಿ ಮಿಡ್‌ವೆಸ್ಟ್ ಗುಡುಗು ಮಳೆ ಅಂದ್ರೆ ನಮ್ಮ ಮೇ ತಿಂಗಳ ಮುಂಗಾರುಪೂರ್ವ ಮಳೆ ಥರ, ಅರ್ಧ ಗಂಟೆಲಿ ಆಕಾಶ ಕಪ್ಪಾಗಿ ಗಾಳಿ ಎದ್ದು ಬಡಿಯತ್ತೆ. ನಮ್ಮ ಎರಡನೇ ವರ್ಷ ಒಂದು ಅಂಗಡಿಯವರು ಪೂರ್ತಿ ವಾಟರ್‌ಪ್ರೂಫ್ ಅಂತ ಕೊಟ್ಟ ಟೆಂಟ್ ಹಾಕಿದ್ವಿ, ರಾತ್ರಿ ಎರಡು ಗಂಟೆಗೆ ಹೊಲಿಗೆ ಹಾಕಿದ ಜಾಗದಿಂದೆಲ್ಲ ನೀರು ಇಳಿಯೋಕೆ ಶುರು, ಒಂದೂವರೆ ವರ್ಷದ ಮಗಳ ಹಾಸಿಗೆ ಪೂರ್ತಿ ಒದ್ದೆ, ಬೆಳಗಿನ ತನಕ ನಾಲ್ಕು ಜನ ಕಾರಲ್ಲಿ ಕೂತಿದ್ವಿ. ಆಮೇಲಿಂದ ಯಾವ ಟೆಂಟ್ ತಂದ್ರೂ ಮೊದಲು ಮನೆ ಹಿತ್ತಲಲ್ಲಿ ಹಾಕಿ ಹತ್ತು ನಿಮಿಷ ಪೈಪಲ್ಲಿ ನೀರು ಬಿಡ್ತೀನಿ, ಹೊಲಿಗೆಗೆ ನೀರು ತಡೆಯೋ ಸೀಮ್ ಸೀಲರ್ ಹಚ್ತೀನಿ. ನೀವೂ ಹಂಗೇ ಮಾಡಿ. ಟೆಂಟ್ ಕೆಳಗಿನ ಟಾರ್ಪಾಲು ಟೆಂಟಿಗಿಂತ ಆಚೆ ಚಾಚಿರಬಾರದು, ಚಾಚಿದ್ರೆ ನೀರನ್ನ ಅದೇ ಒಳಗೆ ಕರ್ಕೊಂಡ್ ಬರತ್ತೆ. ಮಿಂಚು ಶುರುವಾದ್ರೆ ಬ್ಲಫ್ ಮೇಲಿಂದ ಇಳೀರಿ, ನೀರಿಂದ ಎದ್ದು ಬನ್ನಿ, ಟೆಂಟಲ್ಲಿ ಇರ್ಬೇಡಿ, ಕಾರೊಳಗೆ ಕೂತ್ಕೊಳ್ಳಿ. ಬೆಟ್ಟದ ಮಧ್ಯ ಫೋನ್ ಸಿಗ್ನಲ್ ಎಷ್ಟೋ ಕಡೆ ಇರಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಹೊರಡೋ ಮೊದಲೇ ಹವಾಮಾನ ನೋಡಿ.

ರಾತ್ರಿ ರೈಲು ಸದ್ದು ಬರತ್ತೆ ಅಂತ ಯಾರೋ ಹೇಳಿದ್ರು.

ಬರತ್ತೆ. ಕೆರೆ ಪೂರ್ವ ದಡಕ್ಕೆ ಅಂಟಿಕೊಂಡೇ ಹಳಿ ಇದೆ, 1870ರ ದಶಕದಲ್ಲಿ ಹಾಕಿದ್ದು, ಇವತ್ತಿಗೂ ಗೂಡ್ಸ್ ಗಾಡಿ ಓಡತ್ತೆ, ಹಳಿ ಮೇಲೆ ನಡೆಯೋಕೆ ಹೋಗ್ಬೇಡಿ. ಕಣಿವೆ ಆಗಿರೋದ್ರಿಂದ ಹಾರ್ನ್ ಸದ್ದು ಈ ಗೋಡೆಗೆ ಆ ಗೋಡೆಗೆ ಬಡಿದು ಸುಮಾರು ಹೊತ್ತು ನಿಲ್ಲತ್ತೆ. ಬೇಗ ಎಚ್ಚರ ಆಗೋರು ಇಯರ್‌ಪ್ಲಗ್ ತನ್ನಿ. ನಮ್ಮಪ್ಪನಿಗೆ ಮಾತ್ರ ಅದು ಕೇಳಿ ಅರಸೀಕೆರೆ ಸ್ಟೇಷನ್ ನೆನಪಾಗಿ ಬೆಳಗ್ಗೆ ಪೂರ್ತಿ ಅದನ್ನೇ ಮಾತಾಡಿದ್ರು.

ಯಾವ ತಿಂಗಳು ಒಳ್ಳೇದು?

ಮಕ್ಕಳು ನೀರಾಟ ಆಡ್ಬೇಕು ಅಂದ್ರೆ ಜುಲೈ, ಆಗಸ್ಟ್. ಅಪ್ಪ ಅಮ್ಮನ ಜೊತೆ ಅಂದ್ರೆ ಸೆಪ್ಟೆಂಬರ್, ಶಾಲೆ ಶುರುವಾಗಿ ಜನ ಕಮ್ಮಿ, ಸೊಳ್ಳೆ ಕಮ್ಮಿ, ಹಗಲು ಹಿತವಾದ ಬಿಸಿಲು. ಅಕ್ಟೋಬರ್ ಮಧ್ಯಕ್ಕೆ ಎಲೆ ಬಣ್ಣ, ಗುಲಾಬಿ ಕಲ್ಲಿನ ಮೇಲೆ ಕೆಂಪು ಹಳದಿ ಮರ, ನೋಡೋಕೆ ಎರಡು ಕಣ್ಣು ಸಾಲಲ್ಲ, ಆದ್ರೆ ಆ ವೀಕೆಂಡ್‌ಗಳಲ್ಲಿ ಬೇಸಿಗೆಗಿಂತ ಜಾಸ್ತಿ ಗಾಡಿ, ರಾತ್ರಿ ಸೊನ್ನೆ ಡಿಗ್ರಿ ಹತ್ರ ಇಳಿಯತ್ತೆ. ಮೇ ತಿಂಗಳ ರಾತ್ರಿನೂ ಚಳಿನೇ, ಬೆಂಗಳೂರಿನ ಡಿಸೆಂಬರ್ ಅಂದ್ಕೊಂಡು ತೆಳು ಹೊದಿಕೆ ತಂದು ಒದ್ದಾಡಿದೋರನ್ನ ನೋಡಿದೀನಿ. ಬೇಸಿಗೆಯಲ್ಲೂ ಎಲ್ಲರಿಗೂ ಒಂದೊಂದು ಸ್ವೆಟರ್, ಅಮ್ಮಂಗೆ ಮಫ್ಲರ್, ಎಲ್ಲರಿಗೂ ಒಣಗಿದ ಸಾಕ್ಸ್ ಇರಲಿ.

ಅಲ್ಲೇ ಹತ್ತಿರ ಇನ್ನೇನ್ ನೋಡ್ಬಹುದು?

ಬ್ಯಾರಬೂನಲ್ಲಿ ಸರ್ಕಸ್ ವರ್ಲ್ಡ್ ಮ್ಯೂಸಿಯಂ, ರಿಂಗ್ಲಿಂಗ್ ಬ್ರದರ್ಸ್ ಸರ್ಕಸ್ 1884ರಲ್ಲಿ ಶುರುವಾಗಿದ್ದು ಆ ಊರಲ್ಲೇ. ಆದ್ರೆ ನಿಮಗೆ ಒಂದೇ ಕಡೆ ಹೋಗೋಕೆ ಟೈಮಿದ್ರೆ ಇಂಟರ್‌ನ್ಯಾಷನಲ್ ಕ್ರೇನ್ ಫೌಂಡೇಶನ್‌ಗೆ ಹೋಗಿ, 1973ರಲ್ಲಿ ಶುರುವಾಗಿದ್ದು, ಪ್ರಪಂಚದಲ್ಲಿರೋ 15 ಜಾತಿ ಕ್ರೌಂಚ ಪಕ್ಷಿಗಳೂ ಒಂದೇ ಕಡೆ ಇವೆ. ಚಳಿಗಾಲದಲ್ಲಿ ಮುಚ್ಚಿರತ್ತೆ, ಹೋಗೋ ಮುಂಚೆ ನೋಡ್ಕೊಳ್ಳಿ. ನಮ್ಮ ದೇಶದ ಸಾರಸ ಕೂಡ ಇದೆ, ಹೆಚ್ಚು ಕಮ್ಮಿ ಮನುಷ್ಯನಷ್ಟು ಎತ್ತರ, ಹಾರೋ ಹಕ್ಕಿಗಳಲ್ಲೇ ಅದಕ್ಕಿಂತ ಎತ್ತರದ್ದಿಲ್ಲ. ಅಮ್ಮ ಬೇಲಿ ಹತ್ರ ನಿಂತು ಅದಕ್ಕೆ ಕನ್ನಡದಲ್ಲೇ ಮಾತಾಡಿಸಿದ್ರು, ಅದೂ ಕತ್ತು ಒಂದು ಕಡೆಗೆ ವಾಲಿಸಿ ಸುಮಾರು ಹೊತ್ತು ನೋಡ್ತಾ ನಿಂತಿತ್ತು. ಹೊರಡೋ ದಿನ ಟೆಂಟ್ ಮಡಚಿ ಹನ್ನೊಂದಕ್ಕೆಲ್ಲ ಅಲ್ಲಿಗೆ ಹೋಗಿ ಎರಡು ಗಂಟೆ ಇದ್ದು ಮನೆ ಕಡೆ ಹೊರಟ್ರೆ ಕತ್ತಲಾಗೋದ್ರೊಳಗೆ ಚಿಕಾಗೋ ತಲುಪ್ತೀರ.